ಮಗನಿಗೊಂದು ನೋಟೀಸು

ಗದ್ದಲ ಕೇಳಿದರೆ ಕಿವಿ ಮುಚ್ಚಿಕೊಳ್ಳುವವರಿಗೆಂದು ಕಟ್ಟಿಸಿದ ಮನೆಯನ್ನು ಥಾರ್ನ್‌ಬೆಕ್ ಕೌನ್ಸಿಲ್‌ನವರು ಇಪ್ಪತ್ತೆಂಟು ಜನರ ಬ್ಯಾಂಡು ತರಿಸಿ ಉದ್ಘಾಟಿಸಿದರು. ಬೇರೆ ಊರಿನಲ್ಲಾಗಿದ್ದರೆ ಇದನ್ನು ಹೇಳಿದವರಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಥಾರ್ನ್‌ಬೆಕ್‌ನಲ್ಲಿ ಹಾಗಲ್ಲ. ಕೌನ್ಸಿಲ್ ಬಗ್ಗೆ ಏನು ಹೇಳಿದರೂ ಜನ ನಂಬುತ್ತಿದ್ದರು, ನಂಬಿ ನಗುತ್ತಿದ್ದರು, ನಕ್ಕು ಮುಂದಿನ ಚುನಾವಣೆಯಲ್ಲಿ ಮತ್ತೆ ಅವರಿಗೇ ವೋಟು ಹಾಕುತ್ತಿದ್ದರು.

ಮನೆಯ ಹೆಸರು ರೋವನ್ ಕೋರ್ಟ್. ಆಟಿಸಂ ಇರುವ, ವಯಸ್ಸಿಗೆ ಬಂದ ಹನ್ನೆರಡು ಜನರಿಗೆ ಹನ್ನೆರಡು ಫ್ಲ್ಯಾಟು. ಪ್ರತಿಯೊಬ್ಬರಿಗೂ ಅವರದೇ ಬಾಗಿಲು, ಅವರದೇ ಬೀಗ. ಕರೆದರೆ ಬರಲು ಹಗಲೂ ರಾತ್ರಿ ಸಹಾಯಕರು. ಇಷ್ಟನ್ನು ಕಟ್ಟಲು ಕೌನ್ಸಿಲ್‌ಗೆ ಎಂಟು ವರ್ಷ ಹಿಡಿಯಿತು. ಒಂದು ವರ್ಷ ಹೆಸರಿಡುವ ಸ್ಪರ್ಧೆಗೇ ಹೋಯಿತು. ಇನ್ನೊಂದು ವರ್ಷ, ಗೋಡೆಗೆ ಯಾವ ಬಣ್ಣ ಬಳಿದರೆ ಮನಸ್ಸಿಗೆ ಹಿತ ಎಂದು ಸಮೀಕ್ಷೆ ಮಾಡಿಸುವುದಕ್ಕೆ. ಸಮೀಕ್ಷೆಯವರು ಅಂಗಡಿಯವರನ್ನು ಕೇಳಿದರು, ಪಾದ್ರಿಯನ್ನು ಕೇಳಿದರು, ಬೌಲಿಂಗ್ ಕ್ಲಬ್ಬಿನ ಮುದುಕರನ್ನೂ ಬಿಡಲಿಲ್ಲ. ಅಲ್ಲಿ ವಾಸ ಮಾಡಬೇಕಾದವರು ಮಾತ್ರ ಯಾರ ನೆನಪಿಗೂ ಬರಲಿಲ್ಲ. ಕೊನೆಗೆ ಬಳಿದದ್ದು, ಬ್ರೆಂಡಾ ಕ್ಲೆಗ್ ಹೇಳುವ ಪ್ರಕಾರ, ನೆಗಡಿಯಾದ ಮಗುವಿನ ಮೂಗಿನಲ್ಲಿ ಕಾಣುವ ಬಣ್ಣ.

ಬ್ರೆಂಡಾಗೆ ಅರವತ್ತೆಂಟು ವರ್ಷ. ಮೂವತ್ತೊಂದು ವರ್ಷದಿಂದ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ನಾನೂರು ಮಕ್ಕಳ ಗಲಾಟೆಯ ಮೇಲೆ ಕೇಳಿಸಬೇಕಾದ ಗಂಟಲು ಅದು. ನಿವೃತ್ತಿಯ ವಯಸ್ಸು ದಾಟಿದರೂ ಅದರ ಕಸುವು ಇಳಿದಿರಲಿಲ್ಲ. ಗಂಡ ನಾಯಿ ಸಾಕುವ ಒಬ್ಬ ಹೆಂಗಸಿನ ಜೊತೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಅವಳು ಮತ್ತು ಮಗ ರಸೆಲ್. ಅವನಿಗೆ ಮೂವತ್ತಾರು. ವಾರಕ್ಕೊಮ್ಮೆ ಕೌನ್ಸಿಲ್‌ಗೆ ಫೋನು ಮಾಡಿ, ಸಿಕ್ಕವರಿಗೆ ಚೆನ್ನಾಗಿ ಉಗಿದು ಕೆಳಗಿಡುವುದು ಅವಳಿಗೆ ಬೇರೆಯವರಿಗೆ ಚರ್ಚು ಇದ್ದ ಹಾಗೆ. ಉಗಿದ ಮೇಲೆ ಚಹಾ ಹೆಚ್ಚು ರುಚಿಸುತ್ತಿತ್ತು.

ಉದ್ಘಾಟನೆಯ ದಿನ ಮೇಯರು ಕೊರಳಿಗೆ ಅಧಿಕಾರದ ಚಿನ್ನದ ಸರಪಣಿ ಹಾಕಿಕೊಂಡು ಬಂದ, ಕತ್ತರಿ ಹಿಡಿದ, ತುತ್ತೂರಿಗಳು ಒಟ್ಟಿಗೆ ಬಾಯಿ ತೆರೆದವು. ಮುಂದೆ ಅಲ್ಲಿ ಇರಬೇಕಾದವರೆಂದು ಕರೆಸಿದ್ದ ಮೂರು ಜನ ಬೇಲಿ ಹಾರಿ ಓಡಿದರು. ಒಬ್ಬಳು ಕಾರಿನ ಕೆಳಗೆ ನುಸುಳಿದಳು. ಮೇಯರು ಮಾತ್ರ, ಎಷ್ಟೊಂದು ಸಂಭ್ರಮ ಎಂದು ಭಾಷಣದಲ್ಲಿ ಸೇರಿಸಿಕೊಂಡ. ರಸೆಲ್ ಕಿವಿಗೆ ಸದ್ದು ತಡೆಯುವ ತನ್ನ ದಪ್ಪ ಮಫ್ ಏರಿಸಿಕೊಂಡು, ಗೋಡೆಯ ಮೇಲಿದ್ದ ಬೆಂಕಿಯ ಸೂಚನಾ ಫಲಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ.

"ಅಮ್ಮ, ಬೆಂಕಿ ಬಿದ್ರೆ ಎಲ್ರೂ ಪಾರ್ಕಿಂಗ್ ಜಾಗದಲ್ಲಿ ಸೇರ್ಬೇಕಂತೆ. ಅಲ್ಲಿ ಬ್ಯಾಂಡಿನೋರ ವ್ಯಾನ್ ನಿಂತಿದೆ."

"ಬೀಳ್ಲಿ ಬಿಡು ಮಗಾ, ಮೊದ್ಲು ಆ ಡೋಲಿನವನ ಮೇಲೇ ಬೀಳ್ಲಿ," ಎಂದಳು ಬ್ರೆಂಡಾ.

ಆಮೇಲೆ ಅವರನ್ನು ಕೆಳಗಿನ ಮಹಡಿಯ ಮೂರನೇ ನಂಬರಿನ ಫ್ಲ್ಯಾಟು ನೋಡಲು ಬಿಟ್ಟರು. ರಸೆಲ್ ಒಳಗೆ ಹೋಗಿ ಬಾಗಿಲು ಹಾಕಿದ. ಕಿಟಕಿಯ ಹತ್ತಿರ ನಿಂತ. ನಿಂತವನು ಮಫ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪರರ ಮನೆಯಲ್ಲಿ ಅವನು ಅದನ್ನು ತೆಗೆದದ್ದನ್ನು ಬ್ರೆಂಡಾ ಅವನ ಜನ್ಮದಲ್ಲಿ ನೋಡಿರಲಿಲ್ಲ. "ಇದು ನಂಗೆ ಬೇಕು," ಎಂದ. ಅವನು ಬೇಕು ಎಂದು ಬಾಯಿಬಿಟ್ಟು ಕೇಳುವುದು ವರ್ಷಕ್ಕೊಂದು ಸಲ. ಅದೂ ಟೋಸ್ಟರು ಕೆಟ್ಟಾಗ. ಆ ಕ್ಷಣವೇ ಬ್ರೆಂಡಾ ತೀರ್ಮಾನಿಸಿಬಿಟ್ಟಳು: ಈ ಕತ್ತೆಗಳ ಕೈಯಿಂದ ಈ ಒಂದು ಮನೆಯನ್ನು ಕಿತ್ತುಕೊಳ್ಳದೆ ಬಿಡುವುದಿಲ್ಲ.

ಅವಸರಕ್ಕೆ ಕಾರಣವೂ ಇತ್ತು. ನವೆಂಬರಿನಲ್ಲಿ ಅವಳು ಅಡುಗೆಮನೆಯಲ್ಲಿ ಕುಸಿದು ಬಿದ್ದಿದ್ದಳು. ಮೆದುಳಿಗೆ ರಕ್ತ ಹೋಗುವುದು ಒಂದಿಷ್ಟು ಹೊತ್ತು ನಿಂತಿತ್ತಂತೆ. ಮುಂದಿನ ಸಲ ಇಷ್ಟು ಸುಲಭಕ್ಕೆ ಬಿಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಂಬುಲೆನ್ಸಿಗೆ ಫೋನು ಮಾಡಿದವನು ರಸೆಲ್. ಗಾಬರಿಯಿಲ್ಲದೆ ಹೆಸರು, ವಿಳಾಸ ಎಲ್ಲ ಹೇಳಿದ. ಗೇಟಿನ ಹತ್ತಿರ ನಿಂತಿರಿ ಎಂದು ಫೋನಿನವಳು ಹೇಳಿದ್ದಳು, ನಿಂತ. ಆಂಬುಲೆನ್ಸು ಅಮ್ಮನನ್ನು ಹಾಕಿಕೊಂಡು ಹೋಯಿತು. ಸಂಜೆ ಪಕ್ಕದ ಮನೆಯವರು ಬರುವ ಹೊತ್ತಿಗೂ ಅವನು ಗೇಟಿನ ಹತ್ತಿರವೇ ನಿಂತಿದ್ದ, ಕೋಟಿಲ್ಲದೆ, ತುಟಿ ನೀಲಿಗಟ್ಟಿ. ಸಾಕು, ಒಳಗೆ ಹೋಗಿ ಎಂದು ಯಾರೂ ಹೇಳಿರಲಿಲ್ಲವಲ್ಲ.

ಹನ್ನೆರಡು ಫ್ಲ್ಯಾಟುಗಳಲ್ಲಿ ಹನ್ನೊಂದು ಫೆಬ್ರವರಿಯ ಹೊತ್ತಿಗೆ ಹಂಚಿಹೋದವು. ಉಳಿದದ್ದು ಮೂರನೇ ನಂಬರು. ಅದನ್ನು ಯಾರಿಗೆ ಕೊಡಬೇಕೆಂದು ಮಾರ್ಚ್ ಕೊನೆಯ ಗುರುವಾರ ಒಂದು ಸಮಿತಿ ಕೂತು ಅಂಕ ನೋಡಿ ತೀರ್ಮಾನಿಸುತ್ತದೆ; ಕಷ್ಟ ಹೆಚ್ಚಿದಷ್ಟೂ ಅಂಕ ಹೆಚ್ಚು. ತಪ್ಪಿದರೆ ಬೇರೆ ಜಿಲ್ಲೆ. ಬ್ರೆಂಡಾಳ ಗೆಳತಿ ಪಾರ್ವೀನ್ ಅಖ್ತರಳ ಮಗ ಹಾರಿಸ್‌ಗೆ ಹಾಗೇ ಆಗಿತ್ತು; ಅವನನ್ನು ನಾಲ್ಕು ಗಂಟೆ ದೂರದ ಸಮುದ್ರದ ಊರಿಗೆ ಕಳಿಸಿದರು. ಪಾರ್ವೀನ್ ತಿಂಗಳಿಗೊಮ್ಮೆ ಮೂರು ರೈಲು ಬದಲಿಸಿ, ಮಡಿಲಲ್ಲಿ ಬಿರಿಯಾನಿ ಡಬ್ಬಿ ಇಟ್ಟುಕೊಂಡು ಹೋಗಿ ಬರುತ್ತಿದ್ದಳು.

"ಅಂಕ ಕೊಡೋಕೆ ಬಂದಾಗ ಒಳ್ಳೇದು ಒಂದೂ ಹೇಳ್ಬೇಡ ಬ್ರೆಂಡಾ," ಎಂದು ಪಾರ್ವೀನ್ ಎಚ್ಚರಿಸಿದಳು. "ಅತ್ಯಂತ ಕೆಟ್ಟ ದಿನ ಯಾವ್ದಿತ್ತೋ ಅದನ್ನೇ ಹೇಳು. ನಾನು ನಮ್ ಹಾರಿಸ್ ಬಂಗಾರ ಅಂದೆ ನೋಡು, ಅದಕ್ಕೇ ಸಮುದ್ರ ನೋಡೋ ಭಾಗ್ಯ ಬಂತು."

ಆ ದೇಶದಲ್ಲಿ ಇಂಥ ಮಗು ಇರುವ ಪ್ರತಿ ತಾಯಿಗೂ ಇದು ಗೊತ್ತು. ಫಾರಮ್ಮಿನ ಮುಂದೆ ಕೂತರೆ ನಿನ್ನ ಮಗುವನ್ನು ನೀನೇ ಕೆಸರಿಗೆ ಹಾಕಿ ತುಳಿಯಬೇಕು. ಬ್ರೆಂಡಾ ಒಂದು ವಾರ ಮಗನಿಗೆ ಪಾಠ ಹೇಳಿದಳು. ರಸೆಲ್ ಗಮನವಿಟ್ಟು ಕೇಳಿದ.

ಅಂಕ ಹಾಕಲು ಬಂದವನ ಹೆಸರು ಟ್ರಿಸ್ಟನ್. ಇಪ್ಪತ್ತೇಳು ವರ್ಷ, ಕೊರಳಲ್ಲಿ, ಇಂಥವರ ಕಷ್ಟ ಬಲ್ಲೆ ಎಂದು ಸಾರುವ ಸೂರ್ಯಕಾಂತಿ ಹೂವಿನ ಪಟ್ಟಿ, ಮೊಣಕಾಲ ಮೇಲೆ ಕಂಪ್ಯೂಟರು. ಬಂದವನೇ "ಹಲೋ ಬ್ರೆಂಡಾ" ಅಂದ. ನನ್ನ ಬಾಣಲೆಗಳಿಗೆ ಇವನಿಗಿಂತ ವಯಸ್ಸಾಗಿದೆ, ಹೆಸರು ಹಿಡಿದು ಕರೀತಾನೆ ಎಂದುಕೊಂಡಳು. ಆದರೂ ಬಿಸ್ಕತ್ತು ಕೊಟ್ಟಳು. ಸಾಮಾನ್ಯದ್ದು, ಚಾಕಲೇಟು ಬಳಿದದ್ದು ಮೇಲಿನ ಕಪಾಟಿನಲ್ಲೇ ಉಳಿಯಿತು.

"ರಸೆಲ್, ನಿಮ್ಮ ಅಡುಗೆ ನೀವು ಮಾಡ್ಕೋತೀರಾ?"

"ಹೌದು," ಎಂದ ರಸೆಲ್.

ಹೌದು, ಮಾಡಿಕೊಳ್ಳುತ್ತಾನೆ. ಸಂಜೆ ನಾಲ್ಕಕ್ಕೆ ಟೋಸ್ಟಿನ ಮೇಲೆ ಬೀನ್ಸು. ಹನ್ನೊಂದು ವರ್ಷದಿಂದ ದಿನಾ ಅದೇ. ಬೀನ್ಸ್ ಡಬ್ಬಿಯ ಮೇಲಿನ ಚಿತ್ರ ಬದಲಾದ ವಾರ ಅವನು ಏನನ್ನೂ ತಿನ್ನದೆ ಎರಡು ಕಿಲೋ ಇಳಿದಿದ್ದ. ಬ್ರೆಂಡಾ ಇದನ್ನೆಲ್ಲ ಹೇಳಲು ಬಾಯಿ ತೆರೆದಳು. ಟ್ರಿಸ್ಟನ್ ಕೈ ಎತ್ತಿ ತಡೆದ.

"ಇಲ್ಲಿ ರಸೆಲ್ ಧ್ವನಿ ಕೇಳೋದು ಮುಖ್ಯ ಬ್ರೆಂಡಾ. ಬಸ್ಸಲ್ಲಿ ಒಬ್ರೇ ಓಡಾಡ್ತೀರಾ?"

"ಹೌದು."

"ಇವತ್ತು ಹೇಗನ್ಸುತ್ತೆ? ಕಷ್ಟದ ದಿನಾನಾ?"

ರಸೆಲ್ ಅಮ್ಮನ ಕಡೆ ನೋಡಿದ. ವಾರವಿಡೀ ಕೇಳಿದ ಪಾಠವನ್ನು ನೆನಪಿಸಿಕೊಂಡು, ಅದು ಇಲ್ಲಿಗೆ ಹೊಂದುತ್ತದೆಯೇ ಎಂದು ಪ್ರಾಮಾಣಿಕವಾಗಿ ಯೋಚಿಸಿದ. "ಇವತ್ತು ಕೆಟ್ಟ ದಿನ ಅಲ್ಲ. ಕೆಟ್ಟ ದಿನ ಬಂದಾಗ ಹೇಳು ಅಂದಿದಾಳೆ ಅಮ್ಮ," ಎಂದ.

ಐವತ್ತು ಅಂಕ ಬೇಕಿತ್ತು. ಬಂದದ್ದು ಮೂವತ್ತೆಂಟು. ಆಂಬುಲೆನ್ಸ್ ಕರೆದದ್ದಕ್ಕೆ ನಾಲ್ಕು ಅಂಕ ಕಳೆದಿದ್ದರು; ತುರ್ತು ಪರಿಸ್ಥಿತಿಯನ್ನು ಸ್ವತಂತ್ರವಾಗಿ ನಿಭಾಯಿಸಬಲ್ಲರು ಎಂದು ಬರೆದಿತ್ತು. ಅಮ್ಮ ಸತ್ತುಹೋಗಲಿ ಎಂದು ಸುಮ್ಮನೆ ಕೂತಿದ್ದರೆ ಆ ನಾಲ್ಕು ಉಳಿಯುತ್ತಿದ್ದವು.

ಬ್ರೆಂಡಾ ಫೋನು ಹಿಡಿದಳು. ಆ ದಿನ ಅವಳು ಆಡಿದ ಮಾತುಗಳನ್ನು ಶಾಲೆಯ ಅಡುಗೆಮನೆಯಲ್ಲಿ ಒಂದು ತಿಂಗಳು ಜನ ನೆನೆಸಿಕೊಂಡು ನಕ್ಕರು. "ನಿಮ್ಮನ್ನೆಲ್ಲ ಸಾಲಾಗಿ ನಿಲ್ಸಿ ಒಂದು ಆಲೂಗಡ್ಡೆ ಕೈಗೆ ಕೊಟ್ರೆ, ಸಿಪ್ಪೆ ತೆಗೆಯೋಕೆ ಸಮಿತಿ ಮಾಡ್ತೀರಿ, ಸಮಿತಿ ಮುಗಿಯೋ ಹೊತ್ಗೆ ಆಲೂಗಡ್ಡೆ ಮೊಳಕೆ ಬಂದಿರುತ್ತೆ!" ಇದು ಅದರಲ್ಲಿ ಸೌಮ್ಯವಾದದ್ದು. ಟ್ರಿಸ್ಟನ್ ತಾಳ್ಮೆಯಿಂದ ಕೇಳಿಸಿಕೊಂಡ. ತಾಳ್ಮೆಯಿಂದ ಕೇಳುವುದಕ್ಕೆ ಅವರಿಗೆ ಎರಡು ದಿನದ ತರಬೇತಿ ಕೊಟ್ಟಿರುತ್ತಾರೆ. ಕೊನೆಗೆ ದನಿ ತಗ್ಗಿಸಿದ.

"ಬ್ರೆಂಡಾ, ನಾನು ಹೇಳ್ದೆ ಅಂತ ಹೇಳ್ಬೇಡಿ. ಮನೆ ಇಲ್ಲದವರಿಗೆ ಇಪ್ಪತ್ತು ಅಂಕ ಜಾಸ್ತಿ ಬರುತ್ತೆ. ನೀವು ರಸೆಲ್‌ಗೆ ಒಂದು ನೋಟೀಸು ಕೊಡಿ. ಇಂಥಾ ದಿನ ಮನೆ ಬಿಡ್ಬೇಕು ಅಂತ. ಎಲ್ಲಾ ತಾಯಂದಿರೂ ಅದನ್ನೇ ಮಾಡೋದು."

"ನನ್ನ ಮಗನ್ನ ನಾನು ಮನೆಯಿಂದ ಆಚೆ ಹಾಕ್ಬೇಕಾ?"

"ಬರೀ ಕಾಗದ ಅದು. ಯಾರೂ ಆಚೆ ಹೋಗಲ್ಲ. ನಮಗೆ ಫೈಲಲ್ಲಿ ಇಡೋಕೆ ಬೇಕು, ಅಷ್ಟೆ."

ನಮೂನೆಯನ್ನೂ ಅವರೇ ಕಳಿಸಿದರು. ಜೊತೆಗೆ ಒಂದು ಕರಪತ್ರ: ಮನೆ ಕಳೆದುಕೊಂಡವರು ಏನು ಮಾಡಬೇಕು. ಮಗನನ್ನು ಬೀದಿಗೆ ಹಾಕುವ ಕಾಗದ ದೊಡ್ಡ ಅಕ್ಷರದಲ್ಲಿ ಬೇಕಾದರೂ ದೊರೆಯುತ್ತದೆ, ಕಣ್ಣು ಕಾಣದವರಿಗೆ ಉಬ್ಬಕ್ಷರದಲ್ಲೂ ಉಂಟು ಎಂದು ಕೆಳಗೆ ಅಚ್ಚು ಹಾಕಿದ್ದರು. ಬ್ರೆಂಡಾ ಅದನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ತುಂಬಿದಳು. ಶ್ರೀ ರಸೆಲ್ ಕ್ಲೆಗ್ ಅವರಿಗೆ: ನೀವು ಇನ್ನು ಮುಂದೆ ಈ ಮನೆಯಲ್ಲಿ ಇರುವಂತಿಲ್ಲ, ಮಾರ್ಚ್ ಹದಿನಾಲ್ಕರಂದು ಹನ್ನೆರಡು ಗಂಟೆಯೊಳಗೆ ಮನೆ ಬಿಟ್ಟು, ಕೀಲಿಯನ್ನು ಹಿಂದಿರುಗಿಸತಕ್ಕದ್ದು.

ನಿಯಮದ ಪ್ರಕಾರ ಅದನ್ನು ಅವನ ಕೈಗೇ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕಿತ್ತು. ಊಟದ ಮೇಜಿನ ಮೇಲೆ ಇಟ್ಟಳು.

"ಇದು ಕೌನ್ಸಿಲ್‌ಗೋಸ್ಕರ ಮಗಾ. ಮೂರನೇ ನಂಬರ್ ಸಿಗ್ಬೇಕಂದ್ರೆ ಇದು ಬೇಕಂತೆ. ಆ ಪೆದ್ದುಗಳ ಆಟ."

ರಸೆಲ್ ಎರಡು ಸಲ ಓದಿದ. "ಇದ್ರಲ್ಲಿರೋದು ಸುಳ್ಳಾ?"

ಸುಳ್ಳು ಅಂದರೆ ಅವನು ಸಹಿ ಹಾಕುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. "ಸುಳ್ಳೇನಲ್ಲ. ನಾನೇ ತಾನೆ ಬರ್ದಿರೋದು," ಎಂದಳು.

"ಮಧ್ಯಾಹ್ನ ಹನ್ನೆರಡಾ, ರಾತ್ರಿ ಹನ್ನೆರಡಾ?"

"ಮಧ್ಯಾಹ್ನ ಅನ್ಕೋ."

ಸಹಿ ಹಾಕಿದ. ಬ್ರೆಂಡಾ ಕಾಗದದ ಒಂದು ಪ್ರತಿಯನ್ನು ಲಕೋಟೆಗೆ ಹಾಕಿ ಅಂಟಿಸುತ್ತಾ, ಕೌನ್ಸಿಲ್‌ನವರ ತಲೆಯೊಳಗೆ ಏನಿದೆ ಎಂಬುದರ ಬಗ್ಗೆ ಇನ್ನೂ ಒಂದಿಷ್ಟು ಹೊತ್ತು ಮಾತಾಡಿದಳು. ಮೂವತ್ತಾರು ವರ್ಷ ಸಾಕಿದ ಮಗನ ತಲೆಯೊಳಗೆ ಆ ಕಾಗದ ಹೇಗೆ ಇಳಿಯಿತು ಎಂದು ನೋಡಲಿಲ್ಲ. ಬೇರೆಯವರ ಪೆದ್ದುತನ ನೋಡಿ ನಗುವಾಗ ಅದಕ್ಕೆಲ್ಲ ಪುರುಸೊತ್ತು ಎಲ್ಲಿರುತ್ತದೆ?

ಮಾರ್ಚ್ ಹದಿನಾಲ್ಕು ಗುರುವಾರ. ಶಾಲೆಯಲ್ಲಿ ಅಂದು ಕಸ್ಟರ್ಡು. ಎರಡೂವರೆಗೆ ಬ್ರೆಂಡಾ ಮನೆಗೆ ಬಂದಾಗ ಬಾಗಿಲಿಗೆ ಬೀಗ ಹಾಕಿತ್ತು. ತನ್ನ ಕೀಲಿಯಲ್ಲಿ ತೆರೆದು ಒಳಗೆ ಕಾಲಿಟ್ಟರೆ ಅವನ ಕೀಲಿ ಕಾಲಿಗೆ ಸಿಕ್ಕಿತು. ಹೊರಗಿನಿಂದ ಬೀಗ ಹಾಕಿ ಟಪಾಲಿನ ಕಿಂಡಿಯಲ್ಲಿ ಒಳಗೆ ಹಾಕಿದ್ದ. ಮೇಲೆ ಅವನ ಹಾಸಿಗೆ ಬರಿದಾಗಿತ್ತು. ಚಾದರಗಳನ್ನು ಮಡಿಸಿ ಕಾಲಿನ ಕಡೆ ಇಟ್ಟಿದ್ದ. ಅಡುಗೆಮನೆಯಲ್ಲಿ ಟೋಸ್ಟರು ಇದ್ದ ಜಾಗ ಚೌಕಾಕಾರದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಬ್ರೆಂಡಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗೇಟಿನ ಹತ್ತಿರ ನೀಲಿ ತುಟಿಯಲ್ಲಿ ನಿಂತವನು ಇವನೇ ಅಲ್ಲವೇ? ನಿಲ್ಲು ಅಂದರೆ ನಿಂತವನು ಹೋಗು ಅಂದರೆ ಹೋಗುವುದಿಲ್ಲ ಎಂದು ತಾನು ಹೇಗೆ ನಂಬಿದೆ? ಆಮೇಲೆ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕರಪತ್ರ ಅಲ್ಲಿಲ್ಲ ಎಂಬುದು ಕಣ್ಣಿಗೆ ಬಿತ್ತು. ಎಪ್ರನ್ ಕೂಡ ಬಿಚ್ಚದೆ ಟ್ಯಾಕ್ಸಿ ಹಿಡಿದಳು.

ಅವನು ಕೌನ್ಸಿಲ್ ಕಚೇರಿಯ ವಸತಿ ಕೌಂಟರಿನ ಎದುರು, ಕರಪತ್ರದಲ್ಲಿ ಹೇಳಿದ ಜಾಗದಲ್ಲಿ, ಕರಪತ್ರದಲ್ಲಿ ಹೇಳಿದ ಹಾಗೆ ಸಂಖ್ಯೆಯ ಚೀಟಿ ತೆಗೆದುಕೊಂಡು ಕೂತಿದ್ದ. ಪಕ್ಕದಲ್ಲಿ ಸೂಟ್‌ಕೇಸು. ಮಡಿಲಲ್ಲಿ ಟೋಸ್ಟರು. ಕಿವಿಯ ಮೇಲೆ ಮಫ್. ಇಡೀ ಥಾರ್ನ್‌ಬೆಕ್‌ನಲ್ಲಿ ಆ ಕರಪತ್ರವನ್ನು ಪೂರ್ತಿ ಓದಿ, ಒಂದಕ್ಷರ ತಪ್ಪದೆ ನಡೆದುಕೊಂಡ ಮೊದಲ ಮನುಷ್ಯ ಅವನೇ ಇರಬೇಕು. ಅದನ್ನು ಬರೆದವರೇ ಗಾಬರಿಯಾಗಿದ್ದರು. ಟ್ರಿಸ್ಟನ್ ಗಾಜಿನ ಹಿಂದೆ ಬಿಳಿಚಿಕೊಂಡು ನಿಂತಿದ್ದ.

"ಬ್ರೆಂಡಾ, ಇವರು ನಿಜವಾಗ್ಲೂ ಬಂದ್ಬಿಟ್ಟಿದಾರೆ!"

"ಬಾ ಅಂತ ಬರ್ದಿದೀರಲ್ಲಪ್ಪ!"

"ಯಾರೂ ಬರಲ್ಲ ಬ್ರೆಂಡಾ! ನಾವು ಮಾರ್ಚ್ ಇಪ್ಪತ್ತಕ್ಕೆ ಮನೆಗೆ ಬಂದು, ನೀವು ನಿಜವಾಗಿ ಆಚೆ ಹಾಕ್ತೀರಾ ಅಂತ ಖಾತ್ರಿ ಮಾಡ್ಕೋಬೇಕು. ಅಲ್ಲೀವರೆಗೆ ಇವರು ಮನೇಲೇ ಇರ್ಬೇಕಿತ್ತು. ಈಗ ನಿಯಮದ ಪ್ರಕಾರ ತಾವಾಗೇ ಮನೆ ಬಿಟ್ಟ ಹಾಗಾಯ್ತು. ತಾವಾಗೇ ಬಿಟ್ಟವರಿಗೆ ಅಂಕ ಇಲ್ಲ."

"ನೋಟೀಸಲ್ಲಿ ಹದಿನಾಲ್ಕು ಅಂತಿದೆ, ಅದೂ ನಿಮ್ಮ ನೋಟೀಸು. ಹದಿನಾಲ್ಕಕ್ಕೆ ಬಿಟ್ರೆ ತಪ್ಪಾ?"

"ಬಿಡಿ ಅಂತ ಹೇಳಿದ್ರೂ ಬಿಡಬಾರ್ದು. ಅದು ಎಲ್ರಿಗೂ ಗೊತ್ತು."

"ಏನಂದೆ? ಎಲ್ರಿಗೂ ಗೊತ್ತು? ಆ ರೋವನ್ ಕೋರ್ಟ್ ಕಟ್ಟಿದ್ದು ಯಾರಿಗೋಸ್ಕರನೋ ಮಹಾರಾಯ? ಹೇಳಿದ್ದನ್ನ ಹೇಳಿದ ಹಾಗೇ ತಗೊಳ್ಳೋರಿಗೆ! ಎಂಟು ವರ್ಷ ಕಟ್ಟಿದ್ರಿ, ತರಬೇತಿ ತಗೊಂಡ್ರಿ, ಕೊರಳಿಗೆ ಹೂವಿನ ಪಟ್ಟಿ ಹಾಕ್ಕೊಂಡ್ರಿ, ಇಷ್ಟು ತಿಳೀಲಿಲ್ವಾ? ನಮ್ ಶಾಲೇಲಿ ಐದು ವರ್ಷದ ಮಕ್ಕಳಿಗೆ ನಿಮಗಿಂತ ಚೆನ್ನಾಗಿ ಅರ್ಥ ಆಗುತ್ತಲ್ಲೋ!"

ಕಚೇರಿಯ ಆ ತುದಿಯವರೆಗೂ ತಲೆಗಳು ತಿರುಗಿದವು. ರಸೆಲ್ ಮಫ್‌ನ ಮೇಲೆ ಎರಡೂ ಅಂಗೈ ಒತ್ತಿಕೊಂಡ. ಬ್ರೆಂಡಾ ಮಗನ ಮುಂದೆ ಬಗ್ಗಿದಳು.

"ಬಾ ಮಗಾ, ಮನೆಗೆ ಹೋಗೋಣ."

"ಆ ಮನೇಲಿ ನಾನು ಇರೋ ಹಾಗಿಲ್ಲ. ಬರ್ದಿದೀಯಲ್ಲ."

"ನಾನೇ ಹೇಳ್ತಿದೀನಿ, ಇರ್ಬಹುದು. ಆ ನೋಟೀಸು ಹರ್ದು ಹಾಕ್ತೀನಿ."

"ಹರಿದ್ರೆ ಅರ್ಜಿ ಹಿಂದಕ್ಕೆ ತಗೊಂಡ ಹಾಗೆ ಆಗುತ್ತೆ," ಎಂದ ಟ್ರಿಸ್ಟನ್ ಗಾಜಿನ ಹಿಂದಿನಿಂದ.

ಇಷ್ಟಾದ ಮೇಲೆ ಮೇಲಿನ ಮಹಡಿಯಿಂದ ಫಿಲಿಪ್ಪಾ ಡೀನ್ ಇಳಿದು ಬಂದಳು. ವಸತಿ ವಿಭಾಗದ ಮುಖ್ಯಸ್ಥೆ. ದೊಡ್ಡ ಮಣಿಗಳ ಸರ, ಮೆತ್ತನೆಯ ಬೂಟು, ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಹೇಳುವವರ ಮುಖ. ಉದ್ಘಾಟನೆಯ ದಿನ ಮೇಯರಿಗೆ ಕತ್ತರಿ ತಟ್ಟೆ ಹಿಡಿದವಳು ಇವಳೇ. ಗಂಟೆ ನಾಲ್ಕೂಕಾಲು, ಐದಕ್ಕೆ ಬಾಗಿಲು ಹಾಕಬೇಕು, ಟೋಸ್ಟರು ಹಿಡಿದ ಒಬ್ಬ ಮನುಷ್ಯ ಕದಲುತ್ತಿಲ್ಲ, ಪತ್ರಿಕೆಯವರಿಗೆ ಸುದ್ದಿ ಹೋದರೆ ರೋವನ್ ಕೋರ್ಟಿನ ಚೆಂದದ ಫೋಟೋಗಳೆಲ್ಲ ಹಾಳು. ಅವಳು ಬ್ರೆಂಡಾಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಕೂತು, ಅವಳ ಎಪ್ರನ್ ಮೇಲಿನ ಒಣಗಿದ ಕಸ್ಟರ್ಡು ತಗುಲದ ಹಾಗೆ ಮೆಲ್ಲಗೆ ತೋಳು ಮುಟ್ಟಿದಳು.

"ಬ್ರೆಂಡಾ, ಒಂದು ದಾರಿ ಇದೆ. ಮನೇಲಿ ಭಯದ ವಾತಾವರಣ ಇತ್ತು, ಅದಕ್ಕೇ ಮನೆ ಬಿಟ್ರು ಅಂದ್ರೆ, ಅದು ತಾವಾಗೇ ಬಿಟ್ಟಿದ್ದು ಅಂತ ಆಗಲ್ಲ. ಸಮಿತಿಗೂ ಕಾಯೋ ಹಾಗಿಲ್ಲ, ಅಧಿಕಾರ ನನಗೇ ಇದೆ. ನಾಳೆ ಬೆಳಿಗ್ಗೆ ಕೀಲಿ. ಇವತ್ತು ಮಲಗೋಕೆ ರೋವನ್ ಕೋರ್ಟ್‌ನಲ್ಲೇ ಅತಿಥಿಗಳ ಕೋಣೆ ಇದೆ."

"ಭಯ ಯಾರದ್ದು?"

"ನಿಮ್ಮದು," ಎಂದಳು ಫಿಲಿಪ್ಪಾ, ಇನ್ನೊಂದು ಚಮಚ ಸಕ್ಕರೆ ಬೇಕೇ ಎಂದು ಕೇಳುವ ದನಿಯಲ್ಲಿ. "ನೀವು ಅವರನ್ನ ಹೆದರಿಸ್ತಿದ್ರಿ ಅಂತ ನೀವೇ ಒಪ್ಕೊಂಡು ಸಹಿ ಹಾಕ್ಬೇಕು. ಬರೀ ಕಾಗದ ಅದು."

ಬ್ರೆಂಡಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮೂವತ್ತಾರು ವರ್ಷ. ಮಗು ಮುಟ್ಟಿಸಿಕೊಳ್ಳುತ್ತಿರಲಿಲ್ಲವೆಂದು ಅದರ ನೆರಳನ್ನು ಸವರಿದ ದಿನಗಳಿದ್ದವು. ಚೀಟಿ ಕೊರೆಯುತ್ತದೆಂದು ಅಳುತ್ತಿದ್ದವನಿಗೆ ಪ್ರತಿಯೊಂದು ಅಂಗಿಯ ಒಳಗಿನ ಚೀಟಿ ಬಿಚ್ಚಿದ್ದಳು. ಈಗ ಇವರ ಫೈಲಿಗೆ ಒಂದು ಹೊಲಸು ಸುಳ್ಳು ಬೇಕು. ಅದಿಲ್ಲದೆ ಖಾಲಿ ಬಿದ್ದಿರುವ ಮನೆಯ ಬಾಗಿಲು ತೆರೆಯುವುದಿಲ್ಲ. ಇವರ ಮುಖಕ್ಕೆ ಉಗಿದರೆ ಉಗುಳಿಗೂ ಅವಮಾನ ಎಂದುಕೊಂಡಳು. "ಪೆನ್ನು ಕೊಡಿ," ಎಂದಳು. ಓದದೆ ಸಹಿ ಹಾಕಿ, ಪೆನ್ನನ್ನು ಎದುರಿನ ಕೌಂಟರಿನ ಮೇಲೆ ಬಿಸಾಕಿದಳು.

"ರಸೆಲ್ ಕೂಡ ಹೌದು ಅನ್ಬೇಕು," ಎಂದಳು ಫಿಲಿಪ್ಪಾ. "ಬೇರೆ ಕೋಣೇಲಿ ಕೇಳೋದು ಪದ್ಧತಿ."

"ಇಲ್ಲೇ ಕಾಯಬೇಕು ಅಂತಿದೆ," ಎಂದು ರಸೆಲ್ ಕರಪತ್ರ ತೋರಿಸಿದ. ಹಾಗಾಗಿ ಅಲ್ಲೇ ಕೇಳಿದರು.

ಫಿಲಿಪ್ಪಾ ಸನ್ನೆ ಮಾಡಿದ ಮೇಲೆ ಅವನು ಒಂದು ಕಡೆಯ ಮಫ್ ಸರಿಸಿದ. ಬ್ರೆಂಡಾ ಕುರ್ಚಿಯ ತುದಿಗೆ ಸರಿದಳು. ಇವನ ಬಾಯಲ್ಲಿ ಸುಳ್ಳು ಬರುವುದಿಲ್ಲ. ಇಲ್ಲ ಅನ್ನುತ್ತಾನೆ, ಮೂರನೇ ನಂಬರು ಕೈತಪ್ಪುತ್ತದೆ, ಇನ್ನು ಮೂರು ರೈಲು ಬದಲಿಸುವ ಸರದಿ ತನ್ನದು. ಯಾರಿಗೂ ಕಾಣದ ಹಾಗೆ ಅವನ ಬೂಟನ್ನು ಮೆಲ್ಲಗೆ ತುಳಿದಳು. ಅವನು ಕಾಲು ಹಿಂದಕ್ಕೆಳೆದುಕೊಂಡ.

"ರಸೆಲ್, ನಿಮಗೆ ಅಮ್ಮ ಅಂದ್ರೆ ಭಯ ಆಗುತ್ತಾ?"

ರಸೆಲ್ ಯೋಚಿಸಿದ. ಬೀನ್ಸು, ಬಸ್ಸು, ಕೆಟ್ಟ ದಿನ, ಎಲ್ಲಕ್ಕೂ ಯೋಚಿಸಿದಷ್ಟೇ ಶ್ರದ್ಧೆಯಿಂದ.

"ಹೌದು," ಎಂದ.

ಬ್ರೆಂಡಾಗೆ ಕುಣಿಯುವಷ್ಟು ಖುಷಿಯಾಯಿತು. ಹೇಳಿಬಿಟ್ಟ! ಹುಟ್ಟಿದಂದಿನಿಂದ ಮೊದಲ ಸುಳ್ಳು, ಅದೂ ಇಂಥ ಹೊತ್ತಿಗೆ, ಇಂಥವರ ಮುಂದೆ! ಜಾಣ ನನ್ನ ಮಗ, ನಿಮ್ಮೆಲ್ಲರನ್ನೂ ಒಂದೇ ಮಾತಲ್ಲಿ ಮಣ್ಣು ಮುಕ್ಕಿಸಿದ ಎಂದು ಅವಳ ಮುಖ ಅರಳಿತು. ನಗು ತಡೆಯಲು ತುಟಿ ಕಚ್ಚಿಕೊಂಡಳು.

ರಸೆಲ್ ಇನ್ನೂ ಮುಗಿಸಿರಲಿಲ್ಲ. ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಬಿಡುವ ಅಭ್ಯಾಸ ಅವನಿಗಿಲ್ಲ.

"ಅಮ್ಮ ನಿಮಗೆ ಫೋನ್ ಮಾಡ್ವಾಗ ನಾನು ಸ್ನಾನದ ಮನೆಗೆ ಹೋಗ್ತೀನಿ. ಎರಡೂ ನಲ್ಲಿ ಬಿಡ್ತೀನಿ. ಮಫ್ ಹಾಕ್ತೀನಿ, ಟವಲ್ ಸುತ್ಕೋತೀನಿ. ಆದ್ರೂ ಕೇಳುತ್ತೆ. ಫೋನ್ ಇಟ್ಟ ಮೇಲೂ ನಿಲ್ಲಲ್ಲ, ಚಹಾ ಕುಡೀವಾಗ ಮತ್ತೆ ಎಲ್ಲಾನೂ ಮೊದ್ಲಿಂದ ನನಗೆ ಹೇಳ್ತಾಳೆ. ನಗ್ತಾಳೆ. ಅದು ನಗೋ ಮಾತು ಅಂತ ನನಗೆ ಗೊತ್ತಾಗಲ್ಲ. ನಾನು ಬೇಗ ಅರ್ಥ ಮಾಡ್ಕೊಳ್ದಿದ್ರೆ ನನ್ನ ಜೊತೇಲೂ ಅದೇ ದನಿ ಬರುತ್ತೆ. ಯಾವಾಗ ಬರುತ್ತೆ ಅಂತ ಮೊದ್ಲೇ ತಿಳಿಯಲ್ಲ. ಮೂರನೇ ನಂಬರಿನ ಬಾಗಿಲು ದಪ್ಪ ಇದೆ."

ಫಿಲಿಪ್ಪಾ ಸರಸರನೆ ಬರೆದುಕೊಳ್ಳುತ್ತಿದ್ದಳು. "ತುಂಬಾ ಚೆನ್ನಾಗಿ ಹೇಳಿದ್ರಿ ರಸೆಲ್," ಎಂದಳು. ಅವಳಿಗೆ ಬೇಕಾದ್ದಕ್ಕಿಂತ ಎರಡು ಪುಟ ಹೆಚ್ಚೇ ಸಿಕ್ಕಿತ್ತು. ಟ್ರಿಸ್ಟನ್ ಮಾತ್ರ ಗಾಜಿನ ಹಿಂದೆ ತಲೆ ತಗ್ಗಿಸಿ ನಿಂತ. ಅವನು ಬ್ರೆಂಡಾಳ ಮುಖ ನೋಡದಿರಲು ಪ್ರಯತ್ನ ಪಡುತ್ತಿದ್ದ, ಆ ಕರುಣೆಯೂ ಅವಳಿಗೆ ಕಂಡಿತು. ಅವನಿಗೆ ಏನಾದರೂ ಅನ್ನಬೇಕೆಂದು ಹುಡುಕಿದವಳು, ಬಿಟ್ಟು ಮಗನ ಕಡೆ ತಿರುಗಿದಳು.

"ಯಾಕೋ ನನಗೆ ಹೇಳ್ಲಿಲ್ಲ, ಇಷ್ಟು ವರ್ಷ?" ಎಂದು ಮಗನನ್ನು ಕೇಳಿದಳು. ಅವಳ ದನಿ ಅವನಿಗೆ ಕೇಳಿಸುವುದೋ ಇಲ್ಲವೋ ಎನ್ನುವಷ್ಟು ಸಣ್ಣಗಿತ್ತು.

"ನೀನು ಕೇಳಿರ್ಲಿಲ್ಲ. ಇವರು ಕೇಳಿದ್ರು," ಎಂದ ರಸೆಲ್.

ಆಮೇಲೆ ಅವನು ಗಡಿಯಾರ ನೋಡಿ, ನಾಲ್ಕು ದಾಟಿ ಬಹಳ ಹೊತ್ತಾಗಿದೆ, ಅತಿಥಿಗಳ ಕೋಣೆಯಲ್ಲಿ ಟೋಸ್ಟರು ಹಾಕಲು ಪ್ಲಗ್ಗು ಇದೆಯೇ ಎಂದು ಫಿಲಿಪ್ಪಾಳನ್ನು ವಿಚಾರಿಸಿದ. ಇದೆ ಎಂದಳು ಅವಳು. ಅವನು ಎದ್ದು ಸೂಟ್‌ಕೇಸು ಎತ್ತಿಕೊಂಡ. ಬ್ರೆಂಡಾ ಕೂತ ಕಡೆಯಿಂದ ಏಳಲಿಲ್ಲ; ಬೀನ್ಸಿನ ಡಬ್ಬಿ ಹಳೆಯ ಚಿತ್ರದ್ದೇ ಆಗಬೇಕು ಎಂದು ಇವರಿಗೆ ಹೇಳಬೇಕಿತ್ತು, ಮೆಲ್ಲಗೆ ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.